ಸಿನಿಮಾ ತೊಳೆಯುವ ಅಕ್ಕ

ಷಟರ್ ಇನ್ನೂ ಅರ್ಧ ಮಾತ್ರ ಎದ್ದಿದೆ. ಅದರಡಿ ಬಗ್ಗಿ ಒಳಗೆ ನುಗ್ಗಿದ ಹೆಂಗಸು ದೀಪ ಹಾಕುವ ಮೊದಲೇ ಬಾಗಿಲ ಪಕ್ಕದ ತಗಡಿನ ಡಬ್ಬಕ್ಕೆ ಕೈ ಹಾಕುತ್ತಾರೆ. ಬಾಡಿಗೆಗೆ ಒಯ್ದ ಜನ ಅಂಗಡಿ ಮುಚ್ಚಿದ ಮೇಲೆ ಷಟರಿನ ಕಿಂಡಿಯಿಂದ ಒಳಕ್ಕೆ ತಳ್ಳಿಹೋದ ಸಿನಿಮಾಗಳೆಲ್ಲ ಅದರಲ್ಲಿವೆ. ಒಂದೊಂದನ್ನೇ ಡಬ್ಬಿಯಿಂದ ಬಿಡಿಸಿ, ಡಿಸ್ಕಿನ ಅಂಚನ್ನಷ್ಟೇ ಹಿಡಿದು, ಕಿಟಕಿಯಲ್ಲಿ ಆಗತಾನೇ ಮೂಡುತ್ತಿರುವ ಬೆಳಕಿಗೆ ಓರೆಯಾಗಿ ಒಡ್ಡುತ್ತಾರೆ. ಹುಬ್ಬು ಗಂಟಿಕ್ಕುತ್ತದೆ, ಸಡಿಲಾಗುತ್ತದೆ, ಮತ್ತೆ ಗಂಟಿಕ್ಕುತ್ತದೆ.

“ಇದು ಮೂರನೇ ಮಹಡಿ ಟೀಚರ್ ಮನೇದು. ಜಾಮು. ಹೋದ ಸಲವೂ ಜಾಮೇ.” ಇನ್ನೊಂದನ್ನು ಎತ್ತುತ್ತಾರೆ. “ಇದನ್ನ ಬೆಕ್ಕು ತುಳಿದಿದೆ. ಇದು ನೋಡಿ, ಮಗು ಕಚ್ಚಿದೆ, ಎರಡು ಹಲ್ಲು. ಹೋದ ತಿಂಗಳು ಒಂದೇ ಹಲ್ಲಿತ್ತು. ಬೆಳೀತಾ ಇದಾನೆ, ಬಂಗಾರ!”

ಉಗುರುಬೆಚ್ಚಗಿನ ನೀರಿನ ಬೋಗುಣಿ, ಒಂದು ತೊಟ್ಟು ಸೋಪು, ಹಾಲಿನ ಕೆನೆಯಷ್ಟು ಮೆತ್ತಗಿನ ಬಟ್ಟೆ. ಇಷ್ಟೇ ಸಾಮಾನು. ಒರೆಸುವುದಕ್ಕೂ ಒಂದು ಕ್ರಮವಿದೆ. “ಪಾತ್ರೆ ಉಜ್ಜಿದ ಹಾಗೆ ಸುತ್ತಾ ಉಜ್ಜಿದ್ರೆ ಕೆಟ್ಟಿತು ಕೆಲಸ. ನಡುವಿನಿಂದ ಅಂಚಿಗೆ ನೇರ ಎಳೀಬೇಕು. ಮಕ್ಕಳು ಸೂರ್ಯನ ಚಿತ್ರ ಬರೆದು ಕಿರಣ ಎಳೀತಾರಲ್ಲ, ಹಾಗೆ.” ಮಾತಾಡುತ್ತಲೇ ಆರೇಳು ಸೂರ್ಯಗಳನ್ನು ಎಳೆದು ಮುಗಿಸುತ್ತಾರೆ. ತೊಳೆದ ಡಿಸ್ಕುಗಳು ಸಾಲಾಗಿ ಒಣಗಲು ನಿಂತಾಗ ಆ ಮೂಲೆಯ ಗೋಡೆಯ ಮೇಲೆಲ್ಲ ಕಾಮನಬಿಲ್ಲಿನ ಚೂರುಗಳು.

ಬೀದಿಯವರಿಗೆ ಇವರು ಡಿಸ್ಕ್ ಅಕ್ಕ. ಅಂಗಡಿ ಮಾತ್ರ ಸಿನಿಮಾದ್ದಲ್ಲ, ಲಾಂಡ್ರಿ. ಒಂದು ಗೋಡೆಯುದ್ದಕ್ಕೂ ಬಟ್ಟೆ ಒಗೆಯುವ ಯಂತ್ರಗಳು, ಎದುರಿಗೆ ಕಾಯುವವರ ಬೆಂಚು, ಯಂತ್ರಗಳ ನೆತ್ತಿಯ ಮೇಲೆ ಒಂದು ದೊಡ್ಡ ಟೀವಿ. ಬಟ್ಟೆ ಹಾಕಿದವರು ಅದು ತಿರುಗಿ ಮುಗಿಯುವವರೆಗೆ ಟೀವಿ ನೋಡುತ್ತಾರೆ, ಹೋಗುವಾಗ ಮೂಲೆಯ ಕಪಾಟಿನಿಂದ ಒಂದು ಸಿನಿಮಾ ಬಾಡಿಗೆಗೆ ಒಯ್ಯುತ್ತಾರೆ. ಲಾಂಡ್ರಿ ನಡೆಸುವವರು ಡಿಸ್ಕ್ ಅಕ್ಕನ ವಾರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಬೀದಿಯ ಬಾಯಲ್ಲಿ ಲಾಂಡ್ರಿ ಅಕ್ಕ. ಇಬ್ಬರ ನಡುವೆ, ಬೆಂಚಿನ ತುದಿಯಲ್ಲಿ ಕೂತು ಟವೆಲ್ ಮಡಿಸುತ್ತಿರುವವರು ಅತ್ತೆ. ಅಂಗಡಿ ಅತ್ತೆಯ ಹೆಸರಿನಲ್ಲಿದೆ. ಕೊನೆಯ ಮಾತೂ ಅವರದೇ.

“ಬಟ್ಟೆ ತೊಳೆಯೋಳು ಅವಳು, ಸಿನಿಮಾ ತೊಳೆಯೋಳು ನಾನು,” ಎಂದು ಡಿಸ್ಕ್ ಅಕ್ಕ ನಗುತ್ತಾರೆ.

“ನನ್ನ ಕೈಲಿ ತೊಳೆದದ್ದು ಬಿಳಿಯಾಗಿ ಬರುತ್ತೆ,” ಎಂದು ಆ ಕಡೆಯಿಂದ ಉತ್ತರ ಬರುತ್ತದೆ. “ನಿನ್ನದು ಇದ್ದ ಹಾಗೇ ಇರುತ್ತೆ.”

ಈ ಕೆಲಸವನ್ನು ಡಿಸ್ಕ್ ಅಕ್ಕನಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಮದುವೆಗೆ ಮುಂಚೆ ಸಿನಿಮಾ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ನೆಲ ಗುಡಿಸುತ್ತಿದ್ದರು. ಕಪಾಟು ಒರೆಸುತ್ತಾ ಡಬ್ಬಿಗಳ ಬೆನ್ನು ಓದಿದರು, ಡಬ್ಬಿ ಓದುತ್ತಾ ಸಿನಿಮಾ ಕಲಿತರು, ಕೊನೆಗೆ ಗಿರಾಕಿಗಳು ಮಾಲೀಕನನ್ನು ಬಿಟ್ಟು ಗುಡಿಸುವವಳನ್ನೇ ಕೇಳತೊಡಗಿದರು: ಅಳಿಸದ ಸಿನಿಮಾ ಯಾವುದಿದೆ, ಅಮ್ಮನ ಜೊತೆ ಕೂತು ನೋಡಬಹುದಾದದ್ದು ಯಾವುದು. ಸಿನಿಮಾ ಫೋನಿಗೇ ಬರತೊಡಗಿದ ಮೇಲೆ ಆ ಅಂಗಡಿ ಮುಚ್ಚಿತು. ಅಷ್ಟರಲ್ಲಿ ಇವರು ಮದುವೆಯಾಗಿ ಈ ಮನೆಗೆ ಬಂದಿದ್ದರು. ಮಾಲೀಕ, ಎಲ್ಲಾ ನೀನೇ ಒಯ್ಯಿ ಅಂದುಬಿಟ್ಟ. ಲಾಂಡ್ರಿಯ ಚೀಲಗಳಲ್ಲಿ ತುಂಬಿಸಿ, ಬಸ್ಸಿನಲ್ಲಿ ಹತ್ತಾರು ಸಲ ಹತ್ತಿ ಇಳಿದು ತಂದರು. “ಕಂಡಕ್ಟರ್ ಕೇಳಿದ, ಏನಮ್ಮಾ ಇಷ್ಟು ಬಟ್ಟೆ ಅಂತ. ನಾಲ್ಕು ನೂರು ಜನ ಹೀರೋಗಳ ಬಟ್ಟೆ ಕಣಪ್ಪಾ ಅಂದೆ.”

ಆಮೇಲೆ ಕಷ್ಟದ ವರ್ಷಗಳು. ಕೆಲವು ವಾರ ಡಬ್ಬದಲ್ಲಿ ಒಂದೇ ಡಿಸ್ಕು, ಅದನ್ನೇ ಎರಡು ಸಲ ತೊಳೆದದ್ದಿದೆ. ಈಗ ಹಾಗಿಲ್ಲ, ಬೆಳಿಗ್ಗೆ ಡಬ್ಬ ಅರ್ಧಕ್ಕಿಂತ ಮೇಲೆ ತುಂಬಿರುತ್ತದೆ. ಅದು ಹೇಗೆ ತುಂಬಿತು ಎಂದು ಕೇಳಿದರೆ ಮೂರೂ ಜನ ಒಟ್ಟಿಗೇ ಮಾತಾಡುತ್ತಾರೆ. ಕತೆ ಒಂದೇ, ಹೇಳುವ ಬಾಯಿ ಮೂರು.

ಶುರುವಾದದ್ದು ಬೆಡ್‌ಶೀಟುಗಳಿಂದ. ಒದ್ದೆ ಬೆಡ್‌ಶೀಟುಗಳು ಗುಡ್ಡೆ ಬೀಳುತ್ತಿದ್ದವು, ಇದ್ದ ಒಂದು ಡ್ರೈಯರ್ ಸಾಲುತ್ತಿರಲಿಲ್ಲ. ಇನ್ನೊಂದು ಬೇಕು, ಇಡಲು ಜಾಗವಿಲ್ಲ. ಲಾಂಡ್ರಿ ಅಕ್ಕನ ಕಣ್ಣು ಸಿನಿಮಾ ಮೂಲೆಯ ಮೇಲೆ ಬಿತ್ತು. “ನಾನೇನು ಕೆಟ್ಟವಳಾ? ಜನ ಒದ್ದೆ ಬಟ್ಟೆ ಹೊತ್ಕೊಂಡು ಮನೆಗೆ ಹೋಗ್ತಿದ್ರು. ಇವಳ ಮೂಲೆಗೆ ದಿನಕ್ಕೆ ಇಬ್ಬರು ಬರ್ತಿದ್ರು, ಅದ್ರಲ್ಲಿ ಒಬ್ಬ ಫೋನ್ ಚಾರ್ಜ್ ಮಾಡೋಕೆ!”

ಅದೇ ಹೊತ್ತಿಗೆ ಡಿಸ್ಕ್ ಅಕ್ಕ ಹೊಸ ಸರಕು ತಂದಿದ್ದರು, ಎಚ್‌ಡಿ ಡಿಸ್ಕುಗಳು. ಇವುಗಳಲ್ಲಿ ಚಿತ್ರ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಹಳೆಯ ಡಿವಿಡಿಗಳಿಗೆ ಕಪ್ಪು ಡಬ್ಬಿ, ಇವಕ್ಕೆ ನೀಲಿ ಡಬ್ಬಿ. ಬೀದಿಯಲ್ಲಿ ಅವುಗಳ ಹೆಸರೇ ಕಪ್ಪು, ನೀಲಿ ಎಂದಾಯಿತು. “ಫೋನಲ್ಲಿ ಸಿಗೋದನ್ನೇ ನಾನೂ ಇಟ್ಕೊಂಡ್ರೆ ಯಾಕೆ ಬರ್ತಾರೆ? ಕಣ್ಣು ತುಂಬೋ ಹಾಗೆ ಕಾಣ್ಬೇಕು. ಹಳೇ ಅಂಗಡೀಲಿ ನೀಲಿ ಹಾಕಿ ನೋಡಿದ್ದೆ. ಕಿಟಕಿ ತೆಗೆದ ಹಾಗಿತ್ತು.”

“ಎರಡೂ ಒಂದೇ ಸಿನಿಮಾ, ಎರಡೂ ಒಂದೇ ತಟ್ಟೆ,” ಎಂದರು ಲಾಂಡ್ರಿ ಅಕ್ಕ. “ಡಬ್ಬಿ ಬಣ್ಣ ಬದಲಾದ್ರೆ ಒಳಗಿನ ಹೀರೋ ಬದಲಾಗ್ತಾನಾ?”

ಮನೆಯ ಗಂಡಸರು, ಅಂದರೆ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಅಣ್ಣ ತಮ್ಮಂದಿರು, ಈ ವಿಷಯಕ್ಕೆ ಬಾಯಿಯೇ ತೆರೆಯಲಿಲ್ಲ. ಊಟ ಇಬ್ಬರ ಕೈಯಲ್ಲೂ ಆಗಬೇಕಲ್ಲ. ಅತ್ತೆಯೇ ತೀರ್ಮಾನ ಕೊಟ್ಟರು. “ಶನಿವಾರ ಬೆಂಚಿನ ಮೇಲೆ ಕೂತೋರಿಗೆ ಅದೇ ಸಿನಿಮಾ ಒಂದ್ಸಲ ಕಪ್ಪು ಹಾಕಿ ತೋರ್ಸಿ, ಒಂದ್ಸಲ ನೀಲಿ ಹಾಕಿ ತೋರ್ಸಿ. ಯಾವುದು ಯಾವುದು ಅಂತ ಹೇಳ್ಬೇಡಿ. ಜನಕ್ಕೆ ವ್ಯತ್ಯಾಸ ಕಂಡ್ರೆ ಮೂಲೆ ಚಿಕ್ಕವಳದ್ದು. ಕಾಣ್ದೇ ಇದ್ರೆ ಡ್ರೈಯರ್ ಬರ್ಲಿ.”

ಹಡಗಿನ ಕತೆಯ ಒಂದು ಹಳೆಯ ಪ್ರೇಮ ಸಿನಿಮಾ ಆರಿಸಿದರು. ಬಿಳಿ ಕೋಟು ತೊಟ್ಟ ಕ್ಯಾಪ್ಟನ್ ಡೆಕ್ಕಿನ ಮೇಲೆ ನಿಂತು ನಾಯಕಿಗೆ ಮನಸ್ಸು ಬಿಚ್ಚುವ ದೃಶ್ಯ. ಶನಿವಾರ ಬೆಂಚು ತುಂಬಿತ್ತು. ಮೊದಲು ಒಂದು, ಆಮೇಲೆ ಇನ್ನೊಂದು. ಪೋಸ್ಟ್‌ಮನ್ ತಲೆ ಕೆರೆದುಕೊಂಡು, ಮೊದಲನೇದೇ ಚೆನ್ನಾಗಿತ್ತು ಅಂದ. ಅದು ಕಪ್ಪು. ಟೀಚರ್, ಎರಡೂ ಒಂದೇ ಅಲ್ವಾ ಅಂದರು. ಟ್ಯಾಕ್ಸಿಯವನು ಎರಡನೇದು ಅಂದ. ಯಾಕೆ ಅಂತ ಕೇಳಿದರೆ, “ಅಷ್ಟೊತ್ತಿಗೆ ನನ್ನ ಬಟ್ಟೆ ಆಗಿತ್ತು, ಖುಷಿ ಆಯ್ತು” ಅಂದ. ಉಳಿದವರು ಭುಜ ಕುಣಿಸಿದರು.

“ನನ್ನ ಕಣ್ಣಿಗೂ ಒಂದೇ ಥರ ಕಂಡಿತು, ಅದೇ ನೋವು,” ಎನ್ನುತ್ತಾರೆ ಡಿಸ್ಕ್ ಅಕ್ಕ. ಇದನ್ನು ಹೇಳುವಾಗ ಮಾತ್ರ ಒರೆಸುವ ಕೈ ನಿಲ್ಲುತ್ತದೆ. “ಹಳೇ ಅಂಗಡೀಲಿ ನೋಡಿದ್ದು ನಾನೇ ಕಟ್ಕೊಂಡ ಕನಸೇನೋ ಅನ್ನಿಸ್ತು. ಯಾರ ಮೇಲೆ ಸಿಟ್ಟು ಮಾಡ್ಲಿ? ಭಾನುವಾರ ಬಂದು ಅದೇ ಲಾಂಡ್ರಿ ಚೀಲ ತಗೊಂಡು ಡಿಸ್ಕು ತುಂಬಿಸೋಕೆ ಶುರು ಮಾಡ್ದೆ.”

ಇಲ್ಲಿ ಲಾಂಡ್ರಿ ಅಕ್ಕನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಿಗೆ ಪ್ಲಾಸ್ಟಿಕ್ ಮೋಹ. ಇಸ್ತ್ರಿಯಾದ ಕೋಟಿಗೆ ಹೊದಿಸುವ ತೆಳ್ಳನೆಯ ಪಾರದರ್ಶಕ ಚೀಲವಿದೆಯಲ್ಲ, ಅದನ್ನು ಕೋಟಿಗಷ್ಟೇ ಹೊದಿಸಿ ಸುಮ್ಮನಾಗುವವರಲ್ಲ. ರಿಮೋಟಿಗೆ ಪ್ಲಾಸ್ಟಿಕ್, ಕ್ಯಾಲ್ಕ್ಯುಲೇಟರಿಗೆ ಪ್ಲಾಸ್ಟಿಕ್, ಅತ್ತೆಯ ಕುರ್ಚಿಯ ದಿಂಬಿಗೂ ಪ್ಲಾಸ್ಟಿಕ್. ಉಗಿ, ಧೂಳು, ಬಟ್ಟೆಯಿಂದ ಉದುರುವ ನೂಲಿನ ಎಳೆ, ಯಾವುದೂ ಯಾವುದಕ್ಕೂ ತಾಗಬಾರದು. ಎರಡು ವರ್ಷದ ಹಿಂದೆ ಟೀವಿ ಬಂದ ದಿನ, ಅದನ್ನು ಗೋಡೆಗೆ ಏರಿಸುವ ಮೊದಲೇ ಅದಕ್ಕೂ ಒಂದು ಹೊದಿಸಿ, ಸುಕ್ಕಿಲ್ಲದಂತೆ ಎಳೆದು, ಹಿಂದೆ ಟೇಪು ಹಚ್ಚಿದ್ದರು. ಕೈ ಎಷ್ಟು ಅಚ್ಚುಕಟ್ಟೆಂದರೆ ಅದು ಇದೆಯೆಂಬುದೇ ಯಾರಿಗೂ ನೆನಪಿರಲಿಲ್ಲ, ಹೊದಿಸಿದವರಿಗೂ.

“ಡಿಸ್ಕಿನ ಮೇಲೆ ಸೊಳ್ಳೆ ಕಾಲಿನಷ್ಟು ಗೀರು ಇದ್ರೂ ಹಿಡೀತೀನಿ. ಇಡೀ ಟೀವಿಯೇ ಮುಸುಕು ಹಾಕ್ಕೊಂಡು ಕೂತಿದ್ದು ಕಾಣ್ಲಿಲ್ಲ!” ಡಿಸ್ಕ್ ಅಕ್ಕ ತಲೆ ಚಚ್ಚಿಕೊಂಡು ನಗುತ್ತಾರೆ.

ಆ ಭಾನುವಾರ ಲಾಂಡ್ರಿ ಅಕ್ಕ ಡ್ರೈಯರ್ ಬರುತ್ತದೆಂಬ ಹುರುಪಿನಲ್ಲಿ ಅಂಗಡಿಯನ್ನೆಲ್ಲ ತೊಳೆಯಲು ನಿಂತಿದ್ದರು. ಏಣಿ ಹತ್ತಿ ಟೀವಿ ಒರೆಸುವಾಗ ಮೂಲೆಯಲ್ಲಿ ಟೇಪು ಕಿತ್ತುಬಂತು. ಎರಡು ವರ್ಷದಲ್ಲಿ ಗೊತ್ತೇ ಆಗದಂತೆ ಮಬ್ಬಾಗಿ, ನೂಲಿನ ಎಳೆ ಮೆತ್ತಿಕೊಂಡು, ಹಾಲಿನ ಬಣ್ಣಕ್ಕೆ ತಿರುಗಿದ್ದ ಪ್ಲಾಸ್ಟಿಕ್ಕನ್ನು ಎಳೆದು ಬಿಸಾಕಿದರು. ಹೊಸದು ಹೊದಿಸುವ ಮುನ್ನ ಟೀವಿ ಕೆಟ್ಟಿಲ್ಲವಷ್ಟೇ ಎಂದು ನೋಡಲು ಸ್ವಿಚ್ ಒತ್ತಿದರು. ಪ್ಲೇಯರಿನಲ್ಲಿ ಶನಿವಾರದ ನೀಲಿ ಡಿಸ್ಕು ಹಾಗೇ ಇತ್ತು. ಕ್ಯಾಪ್ಟನ್ ಡೆಕ್ಕಿನ ಮೇಲೆ ಬಂದು ನಿಂತ.

“ಏ ಇವಳೇ! ಬಾರೇ ಇಲ್ಲಿ! ಓಡಿ ಬಾ!”

ಯಾರಾದರೂ ಏಣಿಯಿಂದ ಬಿದ್ದರೇನೋ ಎಂದು ಡಿಸ್ಕ್ ಅಕ್ಕ ಚೀಲ ಬಿಟ್ಟು ಓಡಿದರು. ಲಾಂಡ್ರಿ ಅಕ್ಕ ಏಣಿಯ ಮೇಲೇ ನಿಂತು ಪರದೆಗೆ ಬೆರಳು ನೆಟ್ಟಿದ್ದರು. “ಆ ತೋಳು ನೋಡು! ಇಸ್ತ್ರಿ ಪೆಟ್ಟಿಗೆ ಕಾವು ಜಾಸ್ತಿಯಾಗಿ ಹೊಳಪು ಬಂದಿದೆ. ಎರಡನೇ ಗುಂಡಿ ನೋಡು, ಬಿಳಿ ಕೋಟಿಗೆ ಹಳದಿ ನೂಲು! ಮೊಣಕೈ ಹತ್ರ ತೇಪೆ! ಇವನು ಕ್ಯಾಪ್ಟನ್ ಅಂತೆ! ಇವನ ಬಟ್ಟೆ ಒಗೆದೋನು ಯಾವನು?”

“ಅಕ್ಕಾ, ಅವನು ಪಾಪ ಪ್ರೀತಿ ಹೇಳ್ಕೊತಾ ಇದಾನೆ.”

“ಹೇಳ್ಕೊಳ್ಲಿ ಬಿಡು. ಈ ತೋಳು ಹಾಕ್ಕೊಂಡು ಬಂದೋನಿಗೆ ನಾನಾಗಿದ್ರೆ ಆಗಲ್ಲ ಅಂತಿದ್ದೆ.”

ಕಪ್ಪು ಡಿಸ್ಕನ್ನೂ ಹಾಕಿಸಿ ನೋಡಿದರು. ಅದರಲ್ಲಿ ಕೋಟು ಸುಣ್ಣ ಬಳಿದ ಗೋಡೆಯಂತೆ ಬರೀ ಬೆಳ್ಳಗಿತ್ತು. ಗುಂಡಿ ಇತ್ತು, ನೂಲಿರಲಿಲ್ಲ. ಮೊಣಕೈ ಇತ್ತು, ತೇಪೆ ಇರಲಿಲ್ಲ. ಲಾಂಡ್ರಿ ಅಕ್ಕ ಏಣಿಯಿಂದ ಇಳಿದು ಬೆಂಚಿನ ಮೇಲೆ ಕೂತರು. ಆಮೇಲೆ ಇಬ್ಬರೂ ಎಷ್ಟು ನಕ್ಕರೆಂದರೆ, ಆಗತಾನೇ ಒಳಗೆ ಬಂದ ಅತ್ತೆಗೆ ಇವರಿಗೇನೋ ಆಯಿತು ಅನ್ನಿಸಿತಂತೆ.

ಹೊಸ ಪ್ಲಾಸ್ಟಿಕ್ ಕೈಯಲ್ಲೇ ಇತ್ತಲ್ಲ, ಸುಮ್ಮನೆ ಹೊದಿಸಿಬಿಟ್ಟಿದ್ದರೆ? ಲಾಂಡ್ರಿ ಅಕ್ಕ ಮುಚ್ಚುಮರೆ ಮಾಡುವುದಿಲ್ಲ. “ಒಂದು ಗಳಿಗೆ ಬಂತು ಮನಸ್ಸಿಗೆ, ಇಲ್ಲ ಅನ್ನಲ್ಲ. ಹೊದಿಸಿದ್ರೆ ಡ್ರೈಯರ್ ನನ್ನದು. ಆದ್ರೆ ಆ ತೋಳು ಕಂಡ್ಮೇಲೆ ಯಾರಿಗಾದ್ರೂ ತೋರಿಸ್ದೆ ಹೊಟ್ಟೆ ಉಬ್ಬರಿಸ್ತಿತ್ತು. ಅಂಗಡೀಲಿ ಇದ್ದದ್ದು ಇವಳೊಬ್ಬಳೇ. ಇನ್ಯಾರನ್ನ ಕರೀಲಿ?”

ಮುಂದಿನ ಶನಿವಾರ ಅದೇ ಜನ, ಅದೇ ಬೆಂಚು, ಅದೇ ಕ್ಯಾಪ್ಟನ್, ಟೀವಿಗೆ ಮಾತ್ರ ಮುಸುಕಿಲ್ಲ. ನೀಲಿ ಹಾಕಿದೊಡನೆ ಟೀಚರ್, “ಅಯ್ಯೋ, ಸಮುದ್ರ ಒದ್ದೆಯಾಗಿದೆ!” ಅಂದುಬಿಟ್ಟರು. ಪೋಸ್ಟ್‌ಮನ್ ಹಡಗಿನ ಹಿಂದೆ ಹಾರುತ್ತಿದ್ದ ಹಕ್ಕಿಗಳನ್ನು ಎಣಿಸತೊಡಗಿದ. ತಪ್ಪು ಹೇಳಿದವನು ಟ್ಯಾಕ್ಸಿಯವನೊಬ್ಬನೇ. ಅವನು ಎರಡು ಸಲವೂ ನಿದ್ದೆ ಹೋಗಿದ್ದ.

ತೀರ್ಪು ಕೊಡಬೇಕಿದ್ದ ಅತ್ತೆ ಮಾತ್ರ ಮುಖ ಸಿಂಡರಿಸಿಕೊಂಡಿದ್ದರು. “ವ್ಯತ್ಯಾಸ ಕಾಣುತ್ತೆ. ಮೂಲೆ ಚಿಕ್ಕವಳದ್ದು. ಆದ್ರೆ ನಂಗೆ ನೀಲಿ ಬೇಡ. ನನ್ನ ಹೀರೋಯಿನ್ ಮುಖದ ಪೌಡರೆಲ್ಲಾ ಕಾಣುತ್ತೆ. ಇಷ್ಟು ವರ್ಷ ಚಂದ್ರನ ಹಾಗಿದ್ಲು. ನನಗೆ ಕಪ್ಪೇ ಇರ್ಲಿ.” ಅತ್ತೆಗೆಂದು ಒಂದು ಸಾಲು ಕಪ್ಪು ಡಬ್ಬಿಗಳು ಈಗಲೂ ಕೈಗೆಟಕುವ ಕಪಾಟಿನಲ್ಲಿವೆ.

ನೀಲಿಯೇ ಮೇಲೆಂದು ಡಿಸ್ಕ್ ಅಕ್ಕ ಯಾರ ತಲೆಗೂ ಕಟ್ಟುವುದಿಲ್ಲ. ನೀಲಿ ಕೇಳಿ ಬಂದ ಮುದುಕರೊಬ್ಬರನ್ನು ಡಾಕ್ಟರರ ಹಾಗೆ ವಿಚಾರಿಸುತ್ತಾರೆ. “ಟೀವಿ ಎಷ್ಟು ದೊಡ್ಡದು ತಾತ?” ಅವರು ಎರಡು ಕೈಯಲ್ಲಿ ದಿಂಬಿನಷ್ಟು ಅಗಲ ತೋರಿಸುತ್ತಾರೆ. “ಕೂರೋದು ಎಲ್ಲಿ?” ಆ ಕಡೆ ಗೋಡೆಗೆ ಒರಗಿಕೊಂಡು, ಎನ್ನುತ್ತಾರೆ. “ಹಾಗಾದ್ರೆ ಕಪ್ಪೇ ತಗೊಂಡ್ಹೋಗಿ. ಅಷ್ಟು ದೂರಕ್ಕೆ ಎರಡೂ ಒಂದೇ. ದೊಡ್ಡ ಟೀವಿ ತಗೊಂಡು ಕುರ್ಚಿ ಮುಂದೆ ಎಳ್ಕೊಂಡ ದಿನ ಬನ್ನಿ, ನೀಲಿ ಕೊಡ್ತೀನಿ.” ತಾತ ಕಪ್ಪು ಡಬ್ಬಿ ಬಗಲಲ್ಲಿಟ್ಟುಕೊಂಡು ಹೊರಡುತ್ತಾರೆ, ಬಾಗಿಲಲ್ಲಿ ತಿರುಗಿ, “ಕುರ್ಚಿ ಎಳ್ಕೊಳ್ಳೋಕೆ ಅಜ್ಜಿ ಬಿಡಲ್ಲ” ಎಂದು ದೂರುತ್ತಾರೆ.

ಹೊಸ ಡ್ರೈಯರ್ ಕೂಡ ಬಂದಿದೆ. ಲಾಂಡ್ರಿ ಅಕ್ಕ ತಮ್ಮ ಮೇಜಿನ ಜಾಗವನ್ನೇ ಅದಕ್ಕೆ ಬಿಟ್ಟುಕೊಟ್ಟು, ಮೇಜನ್ನು ಎಳೆದು ತಂದು ಸಿನಿಮಾ ಮೂಲೆಗೆ ಅಂಟಿಸಿದ್ದಾರೆ. ಈಗ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಾರೆ. ನೀಲಿ ಡಿಸ್ಕು ಹಾಕಿದಾಗಲೆಲ್ಲ ಲಾಂಡ್ರಿ ಅಕ್ಕನ ಟೀಕೆಟಿಪ್ಪಣಿ ಶುರು: ರಾಜನ ಕಾಲರಿನ ಕೊಳೆ, ಕಳ್ಳನ ಪ್ಯಾಂಟಿನ ನೇರ ಮಡಿಕೆ, ಬಡವಿಯ ಸೆರಗಿಗೆ ಯಾರು ಗಂಜಿ ಹಾಕಿದರೋ ಎಂಬ ಅನುಮಾನ. ಬೆಂಚು ತುಂಬುವುದೇ ಅದನ್ನು ಕೇಳಲಿಕ್ಕೆ. ಬಟ್ಟೆ ಒಣಗಿದ ಮೇಲೂ ಜನ ಏಳುವುದಿಲ್ಲ, ಎದ್ದಾಗ ಕೈಯಲ್ಲೊಂದು ನೀಲಿ ಡಬ್ಬಿ ಇರುತ್ತದೆ.

ಡಿಸ್ಕ್ ಅಕ್ಕನ ಆಸೆ ದೊಡ್ಡದೇನಲ್ಲ. “ವಾಪಸ್ ಕೊಡೋಕೆ ಬಂದೋರು ಒಂದು ಮಾತು ಹೇಳ್ಬೇಕು. ‘ಅಕ್ಕಾ, ಆ ಸೀನಲ್ಲಿ ಹಿಂದೆ ಕಿಟಕೀಲಿ ಒಬ್ಬ ಹೆಂಗಸು ನಿಂತಿದಾಳೆ, ಹತ್ತು ಸಲ ನೋಡಿದ್ರೂ ಕಂಡಿರ್ಲಿಲ್ಲ’ ಅಂತ. ಅಷ್ಟು ಸಾಕು. ಹಿಂದೆ ನಿಂತೋರೂ ಸಿನಿಮಾದಲ್ಲಿದಾರೆ ಅಲ್ವಾ?”

ಬೆಳಕು ಪೂರ್ತಿ ಬಂದಿದೆ. ಮೊದಲ ಯಂತ್ರ ಗುಡುಗುಡು ಎನ್ನುತ್ತಿದೆ. ಕೊನೆಯ ಡಿಸ್ಕಿಗೆ ಒಣ ಬಟ್ಟೆ ಬೇಕೆಂದು ಡಿಸ್ಕ್ ಅಕ್ಕ ಮೇಜಿನ ಖಾನೆ ಎಳೆಯುತ್ತಾರೆ. ಈ ಬಟ್ಟೆಗಳನ್ನು ಮೊದಲೆಲ್ಲ ಅವರೇ ಬೇರೆಯಾಗಿ ಒಗೆದುಕೊಳ್ಳುತ್ತಿದ್ದರು. ಲಾಂಡ್ರಿಯಲ್ಲಿ ಎಲ್ಲದಕ್ಕೂ ಸುವಾಸನೆಯ ಸಾಫ್ಟ್‌ನರ್ ಬೀಳುತ್ತದೆ, ಅದರ ಜಿಡ್ಡು ಡಿಸ್ಕಿಗೆ ಹತ್ತುತ್ತದೆ. ಹೇಳಿದರೆ ಲಾಂಡ್ರಿ ಅಕ್ಕ ಕೇಳುತ್ತಿರಲಿಲ್ಲ. ಖಾನೆಯಲ್ಲಿ ಈಗ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟ ಹತ್ತಿಪ್ಪತ್ತು ಬಟ್ಟೆಗಳಿವೆ. ಮೇಲೆ ಬಿಡಿಯಾಗಿಟ್ಟ ಒಂದನ್ನು ಮೂಗಿಗೆ ಹಿಡಿದು ನೋಡುತ್ತಾರೆ. ವಾಸನೆಯೇ ಇಲ್ಲ.

“ನಿನ್ನೆ ಸಂಜೆ ಒಗೆದಿಟ್ಟಿದಾಳೆ, ಬರೀ ನೀರಲ್ಲಿ,” ಎನ್ನುತ್ತಾರೆ ಮೆಲ್ಲಗೆ, ಆ ಕಡೆಗೆ ಕೇಳಿಸದ ಹಾಗೆ. ಆಮೇಲೆ ಉಳಿದವುಗಳ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಬಟ್ಟೆಗಳ ಸುತ್ತ, ಒಂದು ಸುಕ್ಕೂ ಇಲ್ಲದಂತೆ ಎಳೆದು ಹೊದಿಸಿದ ತೆಳ್ಳನೆಯ ಪ್ಲಾಸ್ಟಿಕ್.