ಮಲಗಿಸದೆ ನಿಲ್ಲಿಸಿದ ಇಟ್ಟಿಗೆಗಳು

ಕಳೆದ ಭಾನುವಾರ ಮಧ್ಯಾಹ್ನ ನಾನು ಸೋತೆ. ಅದೂ ನಮ್ಮ ಇಡೀ ಹೌಸಿಂಗ್ ಸೊಸೈಟಿಯ ಎದುರಿಗೆ. ಸೋತು ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು.

ನಾವಿರುವುದು ಪುಣೆಯ ಧನಕವಡಿಯಲ್ಲಿ. ಸೊಸೈಟಿಯ ಹಿಂದೆ ಮಕ್ಕಳು ಕೂತು ಓದಲು ಒಂದು ತಗಡಿನ ಶೆಡ್ ಇತ್ತು. (ಇಂಥ ಕೋಣೆಗೆ ಇಲ್ಲಿ 'ಅಭ್ಯಾಸಿಕಾ' ಅನ್ನುತ್ತಾರೆ. ಹೆಸರು ಚೆಂದ, ಒಳಗೆ ಮಾತ್ರ ಕಾದ ಕಾವಲಿ.) ಬೇಸಿಗೆ ಬಂತೆಂದರೆ ಮಕ್ಕಳು ಪುಸ್ತಕ ಹಿಡಿದು ಲಿಫ್ಟ್ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಶೆಡ್ ಕೆಡವಿ ಹೊಸದು ಕಟ್ಟೋಣ ಅಂತಾಯಿತು. ಕಮಿಟಿಯಲ್ಲಿ ನಾನೂ ಇದ್ದೆ. ನಮ್ಮ ತಲೆಯಲ್ಲಿದ್ದದ್ದು ಒಂದೇ ಚಿತ್ರ: ಸುತ್ತ ಗಾಜು, ಒಳಗೆ ಎರಡು ಏಸಿ. ಮಾಲ್ ನೋಡಿ ನೋಡಿ ನಮ್ಮ ಕಣ್ಣು ಇನ್ನೇನು ಕಲಿತೀತು?

ಆಗ ಬಂದವಳು ಅರುಂಧತಿ. ಬೆಳಗಾವಿಯವಳು, ನಮ್ಮ ಮೇಲಿನ ಮಹಡಿಯಲ್ಲೇ ಮನೆ. ಯೆರವಡಾದ ದೊಡ್ಡ ಆರ್ಕಿಟೆಕ್ಟ್ ಆಫೀಸಿನಲ್ಲಿ ಎಂಟು ವರ್ಷ ಗಾಜಿನ ಗೋಪುರಗಳ ಡ್ರಾಯಿಂಗ್ ಮಾಡಿ ಸಾಕಾಗಿ, ಕೆಲಸ ಬಿಟ್ಟು, ಕಾತ್ರಜದಲ್ಲಿ ಒಂದು ಗೋದಾಮು ಬಾಡಿಗೆಗೆ ಹಿಡಿದಿದ್ದಳು. ಊರಲ್ಲಿ ಎಲ್ಲಿ ಹಳೇ ಮನೆ ಕೆಡವಿದರೂ ಓಡಿಹೋಗಿ ಇಟ್ಟಿಗೆ, ಸಾಗವಾನಿ ಕಿಟಕಿ ತಂದು ಅಲ್ಲಿ ಪೇರಿಸುತ್ತಿದ್ದಳು. ಅವುಗಳಿಂದಲೇ ಹೊಸ ಕಟ್ಟಡ ಕಟ್ಟಿಕೊಡುವುದು ಅವಳ ಬಿಸಿನೆಸ್. ವರ್ಷವಾದರೂ ಒಂದು ಕಟ್ಟಡವೂ ಸಿಕ್ಕಿರಲಿಲ್ಲ. ಇದೂ ತಪ್ಪಿದರೆ ಹಳೇ ನೌಕರಿಯೇ ಗತಿ.

"ಕಾಕಾ, ಈ ಕೆಲಸ ನನಗ ಕೊಡ್ರಿ. ಏಸಿ ಬ್ಯಾಡ, ಗ್ವಾಡಿಗೋಳ ತಂಪ ಇಡತಾವ" ಅಂದಳು.

"ಮಂದಿ ಕೆಡವಿದ್ದ ಇಟ್ಟಿಗಿ ತಂದು ನಾವು ಕಟ್ಟೂದೇನವಾ? ನಗತಾರ" ಅಂದೆ ನಾನು.

"ನಗಲಿ ಬಿಡ್ರಿ. ಮೇ ತಿಂಗಳದಾಗ ನಡು ಮಧ್ಯಾಹ್ನ ನೀವ ಒಳಗ ಬಂದು ಕೂಡ್ರಿ. ಬೆವರು ಬಂತಂದ್ರ ನಾನ ಏಸಿ ಹಾಕಿಸಿ ಕೊಡತೀನಿ."

ಚೇರ್ಮನ್ ದೇಶಪಾಂಡೆ ಕಾಕಾ "ಬಘೂಯಾ" ಅಂದರು. ('ನೋಡೋಣ' ಅಂತ ಅರ್ಥ. ನೋಡುವುದಿಲ್ಲ ಅಂತ ಇಂಗಿತ.) ಆದರೂ ಸಭೆ ಕರೆದರು. ನಾನು ಕೈ ಎತ್ತಲಿಲ್ಲ. ಪಕ್ಕದಲ್ಲಿದ್ದ ನನ್ನ ಹೆಂಡತಿ ಎತ್ತಿದಳು! ಒಂದೇ ಕೈ ಅಂತರದಲ್ಲಿ ಅರುಂಧತಿ ಗೆದ್ದಳು.

ಇಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿ, ಎರಡರ ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಬೇಕೆಂದಳು. ಆ ಟೊಳ್ಳಿನಲ್ಲಿರುವ ಗಾಳಿ ಬಿಸಿಯನ್ನು ತಡೆಯುತ್ತದಂತೆ. ಇಂಡಿ ಕಡೆಯ ಮೇಸ್ತ್ರಿ ಮಲ್ಲಪ್ಪ ಕರಣಿ ಕೆಳಗಿಟ್ಟ. "ಇಟ್ಟಿಗಿ ಮಲಗಸೂದು ಗೊತ್ತೈತ್ರಿ ಅಕ್ಕಾರ. ನಿಂದ್ರಸೂದು ಯಾರೂ ಕಲಿಸಿಲ್ಲ." ಅವಳೇ ಕರಣಿ ಎತ್ತಿಕೊಂಡು ತೋರಿಸಿದಳು. ಮೊದಲ ಗೋಡೆ ಸೊಟ್ಟಗಾಯಿತು. ಯಾರೂ ಏನೂ ಹೇಳುವ ಮೊದಲೇ ತಾನೇ ಕೆಡವಿಸಿದಳು. ಬಾಲ್ಕನಿಯಿಂದ ನೋಡುತ್ತಿದ್ದ ನನಗೆ ಒಳಗೊಳಗೇ ಸಮಾಧಾನವಾಯಿತು. (ನಾಚಿಕೆಗೇಡು, ಆದರೆ ನಿಜ.) ಮರುದಿನ ಬೆಳಿಗ್ಗೆ ಏಳಕ್ಕೆ ಇಬ್ಬರೂ ಮತ್ತೆ ಹಾಜರ್. ಈ ಸಲ ಗೋಡೆ ನೆಟ್ಟಗೆ ನಿಂತಿತು.

ಬಂತು ಮೇ ತಿಂಗಳು. ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟುವ ಬಿಸಿಲು. ನಾನೂ ಚೇರ್ಮನ್ನರೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಟ್ಟಿ ಮುಗಿದ ಹೊಸ ಕೋಣೆಯೊಳಗೆ ಕೂತೆವು. ಕಿಟಕಿಗಳಲ್ಲಿ ಇಡೀ ಸೊಸೈಟಿ. ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು! ಫ್ಯಾನ್ ನಿಂತಿತು. ಅರುಂಧತಿಯ ಮುಖ ಬಿಳಿಚಿಕೊಂಡಿತು. ಮಲ್ಲಪ್ಪ ಹೋಗಿ ಸೂರಿನ ಕೆಳಗಿನ ಕಿಂಡಿಗಳನ್ನು ಹಗ್ಗ ಎಳೆದು ತೆರೆದ. ಮೇಲೆ ಸೇರಿದ್ದ ಬಿಸಿಗಾಳಿ ಹೊರಬಿತ್ತು, ಬೇವಿನ ಮರದ ಕಡೆಯ ಕಿಟಕಿಯಿಂದ ಮೆಲ್ಲನೆ ಗಾಳಿ ಒಳಬಂತು. ಅರ್ಧ ಗಂಟೆ ಕಳೆಯಿತು. ಪಕ್ಕದಲ್ಲಿ ಏನೋ ಸದ್ದು. ನೋಡಿದರೆ, ದೇಶಪಾಂಡೆ ಕಾಕಾ ಗೊರಕೆ ಹೊಡೆಯುತ್ತಿದ್ದಾರೆ!

"ಬೆವರು ಬಂತೇನ್ರಿ ಕಾಕಾ?" ಅರುಂಧತಿ ನನ್ನನ್ನು ಕೇಳಿದಳು.

ಹಣೆ ಮುಟ್ಟಿ ನೋಡಿಕೊಂಡೆ. "ಇಲ್ಲವಾ. ಗೆದ್ದಿ ನೀ."

ಹೊರಗೆ ಚಪ್ಪಾಳೆಯೋ ಚಪ್ಪಾಳೆ. ಅರುಂಧತಿ ಮಲ್ಲಪ್ಪನ ಕೈ ಹಿಡಿದುಕೊಂಡು ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಅಷ್ಟರಲ್ಲಿ ಹತ್ತನೇ ತರಗತಿಯ ಹುಡುಗಿಯರ ಗುಂಪೊಂದು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿತು. "ಕಾಕಾ, ಝಾಲಂ ಕಾ ತುಮ್ಚಂ? ಆಮ್ಹಾಲಾ ಅಭ್ಯಾಸ ಕರಾಯ್ಚಾಯ್." ನಿಮ್ಮದು ಮುಗೀತಾ, ನಾವು ಓದಬೇಕು ಅಂತ. ಚೇರ್ಮನ್ನರನ್ನು ಎಬ್ಬಿಸಿಕೊಂಡು ಹೊರಬಂದೆ.

ಒಂದೇ ವಾರದಲ್ಲಿ ಪಕ್ಕದ ಎರಡು ಸೊಸೈಟಿಗಳೂ ಒಂದು ಕಾಲೇಜೂ ಅವಳನ್ನು ಕರೆದಿವೆ. ಗೋದಾಮಿನ ಹೊಸ ಬೋರ್ಡಿನಲ್ಲಿ ಪಾಲುದಾರರು ಇಬ್ಬರು: ಅರುಂಧತಿ, ಮಲ್ಲಪ್ಪ. ಹಳೇ ಆಫೀಸಿನಿಂದಲೂ ಫೋನ್ ಬಂದಿತ್ತಂತೆ. ನೌಕರಿಗೆ ಕರೆಯಲು ಅಲ್ಲ, ಸಲಹೆ ಕೇಳಲು.

ಅಲ್ಲ, ತಂಪು ಅಂದರೆ ರಿಮೋಟ್ ಒತ್ತಿದರಷ್ಟೇ ಬರುವಂಥದ್ದು ಅಂತ ನಮಗೆಲ್ಲ ಹೇಳಿಕೊಟ್ಟವರು ಯಾರು?