ಎತ್ತಿನ ಗೊಟ್ಟ, ಕುದುರೆಯ ಬಾಯಿ

ಅಂಕಲಿಯ ಇಬ್ರಾಹಿಮ ನಾಲಬಂದನ ಬಾಯಿಗೆ ಹೆದರದ ರೈತ ನಮ್ಮೂರಲ್ಲಿ ಇರಲಿಲ್ಲ. ಎತ್ತಿಗೂ ಕುದುರೆಗೂ ನಾಲು ಹೊಡೆಯುವುದು ಅವನ ಕಸುಬು, ಬೈಗುಳ ಪುಕ್ಕಟೆ. ಗೊರಸಿನ ಸಂದಿಯಲ್ಲಿ ಲದ್ದಿ ಕೊಳೆತಿದ್ದರೆ ಮಾಲಕನನ್ನೇ ಬಗ್ಗಿಸಿ ಮೂಸಿಸುತ್ತಿದ್ದ. ಕುದುರೆ ಮೇವು ಉಗುಳಿದರೆ ಅದರ ನಾಲಿಗೆಯನ್ನು ಬದಿಗೆ ಹಿಡಿದು, ಚೂಪಾದ ದವಡೆಹಲ್ಲನ್ನು ಅರದಿಂದ ಉಜ್ಜುತ್ತಿದ್ದ. ಒಂದು ಮಾತನ್ನಂತೂ ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು: ಕುದುರೆಗೆ ವಾಂತಿಯಾಗುವುದಿಲ್ಲ, ಒಳಗೆ ಹೋದದ್ದು ಹಿಂದೆ ಬರುವುದಿಲ್ಲ, ಅದನ್ನು ಎತ್ತಿನ ಹಾಗೆ ಮೇಯಿಸಬೇಡಿ.

ಹೇಳಿದ್ದನ್ನು ಕೇಳುವ ಜನ ನಾವಲ್ಲ. ಒಂದು ಕುದುರೆ, ಒಂದು ಎತ್ತು ಹೂಡಿ ಶರ್ಯತ್ತಿನ, ಅಂದರೆ ಪಂದ್ಯದ, ಗಾಡಿ ಓಡಿಸುವುದು ನಮ್ಮ ಹೊಳೆದಂಡೆಯ ಖಯಾಲಿ. ಭಾವುಸಾಹೇಬನ ಮನೆಯಲ್ಲಿ ಅಂಥ ಜೋಡಿಯಿತ್ತು. ಕುದುರೆಯ ಹೆಸರು ಬಿಜಲಿ. ಅದು ಮರಿಯಾಗಿದ್ದಾಗಿನಿಂದ ಅದರ ಕಾಲು ಹಿಡಿದವನು ಇಬ್ರಾಹಿಮ. ಮಕ್ಕಳಿಲ್ಲದ ಅವನು ಅದರ ಜೊತೆ ಮಾತ್ರ ಮೆತ್ತಗೆ ಮಾತಾಡುತ್ತಿದ್ದ.

ಜೋಡಿಯಲ್ಲಿ ಭೇದ ಮಾಡಬಾರದೆಂಬುದು ಆ ಮನೆಯ ರೂಢಿ. ಎಂಬತ್ತೇಳರ ಕಾರಹುಣ್ಣಿಮೆಯ ಮುಂಜಾನೆ ಎತ್ತಿಗೆ ಇಟ್ಟಷ್ಟೇ ಗೋದಿಹುಗ್ಗಿಯನ್ನು ಭಾವುಸಾಹೇಬನ ತಾಯಿ ತಾರಾಬಾಯಿ ಬಿಜಲಿಗೂ ಇಟ್ಟರು. ಮಧ್ಯಾಹ್ನಕ್ಕೆ ಬಿಜಲಿ ಹೊಟ್ಟೆ ಒದ್ದುಕೊಂಡು ಉರುಳಾಡತೊಡಗಿತು.

ಇಬ್ರಾಹಿಮ ಓಡಿ ಬಂದ. ಪಕ್ಕೆಗೆ ಕಿವಿಯಿಟ್ಟರೆ ಕರುಳಿನ ಸದ್ದೇ ಇಲ್ಲ. ಒಸಡು ಕಪ್ಪಿಟ್ಟಿತ್ತು. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದರೆ ಮಾತ್ರ ಉಳಿದೀತು, ಅದು ಚಿಕ್ಕೋಡಿಯ ದನದ ಡಾಕ್ಟರರ ಕೆಲಸ ಎಂದ. ಯಾರೂ ಏನೂ ಕುಡಿಸಬೇಡಿ ಎಂದು ಮೂರು ಸಲ ಹೇಳಿ, ಭಾವುಸಾಹೇಬನ ಮೋಟರ್‌ಸೈಕಲ್ ಹತ್ತಿದ. ಡಾಕ್ಟರರು ರಾಯಬಾಗದ ಕಡೆ ಹೋಗಿದ್ದರು. ಚೀಟಿ ಬರೆದಿಟ್ಟು ಇಬ್ಬರೂ ಬರಿಗೈಯಲ್ಲಿ ತಿರುಗಿದರು.

ಅಷ್ಟರಲ್ಲಿ ತಾರಾಬಾಯಿಯ ಕರುಳು ತಡೆದಿರಲಿಲ್ಲ. ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತಂದು, ಆಳುಗಳಿಂದ ಕುದುರೆಯ ಕತ್ತು ಎತ್ತಿ ಹಿಡಿಸಿ, ಒಂದು ಸೇರು ಶೇಂಗಾದೆಣ್ಣೆ ಹೊಯ್ದಿದ್ದರು. ಬಿಜಲಿ ಕೆಮ್ಮುತ್ತಿತ್ತು. ಮೂಗಿನ ಹೊಳ್ಳೆಗಳಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ ಎಂದು ಇಬ್ರಾಹಿಮನಿಗೆ ಬಾಗಿಲಲ್ಲೇ ತಿಳಿಯಿತು. ಇನ್ನು ಡಾಕ್ಟರರು ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಈಗ ಮುದುಕಿಗೆ ಮಂಗಳಾರತಿ ಎಂದುಕೊಂಡು ನಾವೆಲ್ಲ ತಲೆ ತಗ್ಗಿಸಿದೆವು. ತಾರಾಬಾಯಿ ಎಣ್ಣೆಗೈಯಲ್ಲೇ ಮುಂದೆ ಬಂದರು.

"ಇಬ್ರಾಹಿಮ, ಎಣ್ಣಿ ಹೊಟ್ಟಿಗಿ ಹೋಗೇತಲ್ಲೋ? ಆರಾಮ ಆಕ್ಕೈತಲ್ಲ?"

ಅವನು ಆ ಕೈಗಳನ್ನೇ ನೋಡುತ್ತ ನಿಂತ.

"ಹೋಗೇತ್ರಿ ಆಯಿ. ನೀವು ಒಳಗ ನಡೀರಿ."

ಆಮೇಲೆ ಹಗ್ಗ ಹಿಡಿದು, ಉಪಯೋಗವಿಲ್ಲವೆಂದು ಗೊತ್ತಿದ್ದೂ, ಬಿಜಲಿಯನ್ನು ಅಂಗಳದಲ್ಲಿ ನಡೆಸತೊಡಗಿದ. ತಾರಾಬಾಯಿ ಕಿಟಕಿಯಿಂದ ನೋಡುತ್ತಿದ್ದರು. ಅವರು ಕಿಟಕಿ ಬಿಟ್ಟು ಕದಲುವ ತನಕ ಅವನು ನಿಲ್ಲಲಿಲ್ಲ.

ಬಿಜಲಿ ಮರುದಿನ ಸತ್ತಿತು. ಊರಿಗೆಲ್ಲ ಬೈಯುತ್ತಿದ್ದ ಇಬ್ರಾಹಿಮ, ತಾರಾಬಾಯಿ ಬದುಕಿರುವ ತನಕ ಅವರೆದುರು ತನ್ನನ್ನೇ ಬೈದುಕೊಂಡ: ಡಾಕ್ಟರರನ್ನು ಕರೆತರಲು ನಾನೇ ತಡ ಮಾಡಿದೆ ಎಂದು.