ಎರಡನೇ ಹಂತದ ಜರ್ಮನ್

ಮೂರು ವರ್ಷಗಳ ಹಿಂದಿನ ಡಿಸೆಂಬರ್. ಹೊಸಪೇಟೆಯಲ್ಲಿ ಪತ್ರಿಕಾ ವರದಿಗಾರನಾಗಿದ್ದ ನಾನು ಆಗ ಜರ್ಮನ್ ಕಲಿಯುತ್ತಿದ್ದೆ. ನರ್ಸಿಂಗ್ ಮುಗಿಸಿದ್ದ ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಗಬೇಕಾದರೆ ಆ ಭಾಷೆಯ ಪರೀಕ್ಷೆ ಪಾಸಾಗಬೇಕಿತ್ತು. ಅವಳ ಆನ್‌ಲೈನ್ ಕ್ಲಾಸಿನಲ್ಲಿ ನಾನೂ ಪಕ್ಕಕ್ಕೆ ಕೂರತೊಡಗಿದೆ. ಆರು ಹಂತಗಳಲ್ಲಿ ಎರಡನೆಯದು, ಎ2, ಮುಗಿದಿತ್ತು. ಅಷ್ಟರಲ್ಲಿ ಮನೆಮಂದಿಯ ಬಗ್ಗೆ ಹೇಳಬಹುದು, ದಾರಿ ಕೇಳಬಹುದು, ಡಾಕ್ಟರಿಗೆ ತಲೆನೋವು ಎನ್ನಬಹುದು. ಕೇಳಿ ಅರ್ಥಮಾಡಿಕೊಳ್ಳುವ ಪಾಠದಲ್ಲಿ ರೆಕಾರ್ಡ್ ಮಾಡಿದ ಪ್ರತಿ ಮಾತನ್ನೂ ಎರಡು ಸಲ ಕೇಳಿಸುತ್ತಿದ್ದರು.

ಹಂಪಿಯಲ್ಲಿ ಗೆಸ್ಟ್‌ಹೌಸ್ ನಡೆಸುವ ಗಿರಿಜಮ್ಮ ನನಗೆ ಪರಿಚಯ. ಅಲ್ಲಿಗೆ ವಯಸ್ಸಾದ ಜರ್ಮನ್ ದಂಪತಿ ಬಂದಿದ್ದರು. ಇಂಗ್ಲಿಷ್ ಗಂಡನಿಗಷ್ಟೇ ಬರುತ್ತಿತ್ತು. ಒಂದು ಸಂಜೆ ನಾನು ಹೋಗಿ ಹೆಂಡತಿಯನ್ನು ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿದೆ. ಆಕೆ ಖುಷಿಯಿಂದ, ನಿಧಾನವಾಗಿ ಉತ್ತರಿಸಿದರು. ಗಿರಿಜಮ್ಮ, "ಏನ್ ಪಟಪಟ ಮಾತಾಡ್ತಿಯಲ್ಲಣ್ಣಾ!" ಎಂದು ನಕ್ಕಿದ್ದರು.

ಮರುದಿನ ಬೆಳಿಗ್ಗೆ ಅವರದೇ ಫೋನ್. "ಜಲ್ದಿ ಬಾ ಅಣ್ಣಾ. ಆ ಯಜಮಾನ್ರು ನಸುಕಿನ್ಯಾಗ ಒಬ್ರ ಮಾತಂಗ ಗುಡ್ಡ ಹತ್ತೋವಾಗ ಎದಿ ಹಿಡ್ಕೊಂಡು ಬಿದ್ದು ಹೋಗಿಬಿಟ್ರಂತ. ಆಕಿಗೆ ಇನ್ನೂ ಗೊತ್ತಿಲ್ಲ."

ನಾನು ಹೋಗುವಷ್ಟರಲ್ಲಿ ಶವವನ್ನು ಹೊಸಪೇಟೆಯ ಆಸ್ಪತ್ರೆಗೆ ಸಾಗಿಸಿದ್ದರು. ಆಕೆ ಜಗಲಿಯ ಮೇಜಿನ ಮುಂದೆ ಕುಳಿತಿದ್ದರು. ಗಂಡನ ತಿಂಡಿಯ ತಟ್ಟೆಯನ್ನು ಇನ್ನೊಂದು ತಟ್ಟೆಯಿಂದ ಮುಚ್ಚಿಟ್ಟಿದ್ದರು. ಪೊಲೀಸರೊಬ್ಬರು ಮೊಬೈಲ್ ತೆಗೆದು, "ಇದರಾಗ ಕನ್ನಡದಾಗ ಹೇಳಿದ್ರ ಅದ ಜರ್ಮನ್‌ನ್ಯಾಗ ಹೇಳತೈತ್ರಿ" ಎಂದರು.

"ಸಾವಿನ ಸುದ್ದಿ ಮಷಿನ್ ಕಡಿಂದ ಹೇಳಸ್ತೀರೇನ್ರಿ? ಮನಷ್ಯಾರಿಲ್ಲೇನು ಇಲ್ಲಿ?" ಗಿರಿಜಮ್ಮ ಗದರಿದರು.

ಪೊಲೀಸರು ನನ್ನತ್ತ ತಿರುಗಿದರು. "ಹಂಗಾರ ನೀವ ಹೇಳ್ರಿ. ಸತ್ತಾರ ಅನಬ್ಯಾಡ್ರಿ ಮತ್ತ. ಸೀರಿಯಸ್ ಅದಾರ ಅನ್ರಿ."

ನಮ್ಮ ಕಡೆ ಹೇಳುವುದೇ ಹಾಗೆ. ಸೀರಿಯಸ್ ಎಂದರೆ ಕೇಳಿದವರಿಗೆ ಅಲ್ಲಿಗೇ ತಿಳಿಯುತ್ತದೆ, ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ. ಪಾಠದಲ್ಲಿ ಕಲಿತ ವಾಕ್ಯವನ್ನೇ ಹೇಳಿದೆ: ನಿಮ್ಮ ಗಂಡನಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾರೆ.

ಆಕೆ ತಟ್ಟನೆ ಎದ್ದು ಕೋಣೆಗೆ ಹೋದರು. ಮಾತ್ರೆಯ ಡಬ್ಬಿ, ಓದುವ ಕನ್ನಡಕ ಚೀಲಕ್ಕೆ ಹಾಕಿದರು. ಒಂದು ಅಂಗಿ ತೆಗೆದು, ಮಂಚದ ಮೇಲೆ ಹರಡಿ, ತೋಳುಗಳನ್ನು ಒಳಕ್ಕೆ ಸೇರಿಸಿ ಮಡಚತೊಡಗಿದರು.

ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮ ನನ್ನ ತೋಳು ಹಿಂಡಿದರು. "ಹೋದವರಿಗೆ ಅಂಗಿ ತುಂಬಾಕತ್ಯಾಳೋ ಯಪ್ಪಾ! ಹೇಳಿಬಿಡು."

ಮೆತ್ತಗೆ ಹೇಳುವಷ್ಟು ಭಾಷೆ ನನ್ನಲ್ಲಿರಲಿಲ್ಲ. "ಇಲ್ಲ. ಅವರು ಸತ್ತಿದ್ದಾರೆ" ಎಂದೆ.

ಆಕೆ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕುಳಿತರು. ಆಮೇಲೆ ನನ್ನ ಕೈ ಹಿಡಿದು ಮಾತನಾಡತೊಡಗಿದರು. ಹಿಂದಿನ ಸಂಜೆಯ ನಿಧಾನ ಈಗ ಇರಲಿಲ್ಲ. ನಿನ್ನೆ, ಮೆಟ್ಟಿಲು, ನಾನು ಎಂಬ ಪದಗಳು ಬಿಡಿಬಿಡಿಯಾಗಿ ಸಿಕ್ಕವು. ಕೊನೆಗೆ ಅದೊಂದು ಪ್ರಶ್ನೆಯಾಯಿತು. ಆಕೆ ನನ್ನ ಮುಖವನ್ನೇ ನೋಡುತ್ತ ಕಾದರು.

"ಏನಂತಾರ್ರೀ?" ಪೊಲೀಸರು ಕೇಳಿದರು.

"ಗೊತ್ತಾಗಲಿಲ್ಲ" ಎಂದೆ.

ಆಕೆಗೆ ಕನ್ನಡ ಬಾರದು. ಆದರೂ ಆ ಉತ್ತರ ತಿಳಿಯಿತು. ಮೆಲ್ಲಗೆ ನನ್ನ ಕೈ ಬಿಟ್ಟರು.

ಮಧ್ಯಾಹ್ನ ರಾಯಭಾರ ಕಚೇರಿಯವರು ಫೋನಿನಲ್ಲಿ ಆಕೆಯ ಜೊತೆ ಮಾತನಾಡಿದರು. ಕಾಗದಪತ್ರ, ವಿಮಾನದ ವಿಷಯ. ಆಕೆ ಹೌದು, ಇಲ್ಲ ಎಂದಷ್ಟೇ ಹೇಳಿದರು. ನಾನು ಆಫೀಸಿಗೆ ಬಂದು ಸಾವಿನ ಸುದ್ದಿ ಬರೆದೆ. ಹೆಸರು, ವಯಸ್ಸು, ಸ್ಥಳ, ಕಾರಣ ಎಲ್ಲ ಸರಿಯಾಗಿತ್ತು. ಹೆಂಡತಿಯ ಮಾತು ಒಂದೂ ಇರಲಿಲ್ಲ.

ಮಗಳು ಈಗ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ನಾನೂ ಬಿಡದೆ ಕಲಿತು ನಾಲ್ಕನೇ ಹಂತ ದಾಟಿದ್ದೇನೆ. ಆ ಪ್ರಶ್ನೆ ಇವತ್ತು ಕಿವಿಗೆ ಬಿದ್ದರೆ ಅರ್ಥವಾಗುತ್ತದೆ, ಉತ್ತರವನ್ನೂ ಕೊಡಬಲ್ಲೆ. ಆದರೆ ಆಕೆ ಅದನ್ನು ಕೇಳಿದ್ದು ಒಂದೇ ಸಲ.